48 ದಿನಗಳ ರಜೆ, 150 ಪುಸ್ತಕಗಳ ಲೆಕ್ಕ

ರಾಜ್ಯದ ಶಾಲೆಗಳಿಗೆ 2024 ಮತ್ತು 2025ರಲ್ಲಿ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ಇತ್ತು. ಒಟ್ಟು 48 ದಿನ. ವರ್ಷದ ಶೇ 13. ಕೋವಿಡ್ ನಂತರದ 2022ರಲ್ಲಿ ‘ಕಲಿಕಾ ಚೇತರಿಕೆ’ ಕಾರ್ಯಕ್ರಮಕ್ಕಾಗಿ ಮೇ 16ರಂದೇ ಶಾಲೆ ತೆರೆದಿದ್ದರಿಂದ ರಜೆ ಏಪ್ರಿಲ್ 10ರಿಂದ ಮೇ 15ರವರೆಗಿನ 36 ದಿನಕ್ಕೆ ಸೀಮಿತವಾಗಿತ್ತು. ಅದಕ್ಕೆ ಹೋಲಿಸಿದರೆ ಈಗಿನ ರಜೆ 12 ದಿನ, ಅಂದರೆ ಮೂರನೇ ಒಂದರಷ್ಟು ಹೆಚ್ಚು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಒಂದು ಮಗು ಈ 48 ದಿನಗಳಲ್ಲಿ ತಾನಾಗಿ ಎಷ್ಟು ಓದಬಹುದು, ಅದಕ್ಕೆ ಎಷ್ಟು ಪುಸ್ತಕ ಬೇಕು, ಖರ್ಚು ಎಷ್ಟು, ಆ ಹಣ ಎಲ್ಲಿದೆ ಎಂಬುದನ್ನು ಇಲ್ಲಿ ಲೆಕ್ಕ ಹಾಕಲಾಗಿದೆ.

ಮೊದಲು ಓದಿನ ಮಟ್ಟ. ಗ್ರಾಮೀಣ ಮಕ್ಕಳ ಓದನ್ನು ಅಳೆಯುವ ‘ಅಸರ್’ ಸಮೀಕ್ಷೆ 2024ರಲ್ಲಿ ದೇಶದ 605 ಜಿಲ್ಲೆಗಳ 17,997 ಹಳ್ಳಿಗಳಲ್ಲಿ 6,49,491 ಮಕ್ಕಳನ್ನು ತಲುಪಿತು. ಅದರ ಅಳತೆಗೋಲು ಸರಳ: ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕಥೆಯನ್ನು ಮಗು ಸರಾಗವಾಗಿ ಓದಬಲ್ಲದೇ? ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಹಾಗೆ ಓದಬಲ್ಲವರು 2018ರಲ್ಲಿ ಶೇ 20.9, 2022ರಲ್ಲಿ ಶೇ 16.3, 2024ರಲ್ಲಿ ಶೇ 23.4. ಎರಡು ವರ್ಷಗಳಲ್ಲಿ 7.1 ಶೇಕಡಾ ಅಂಶಗಳ ಏರಿಕೆ ಆಗಿದೆ; ಕೋವಿಡ್ ಪೂರ್ವದ ಮಟ್ಟಕ್ಕಿಂತ 2.5 ಅಂಶ ಮೇಲಿದೆ. ಈ ಏರಿಕೆಯ ನಂತರವೂ ನೂರರಲ್ಲಿ 76ಕ್ಕೂ ಹೆಚ್ಚು ಮಕ್ಕಳಿಗೆ ಹಿಂದಿನ ತರಗತಿಯ ಪುಟ ಓದಲಾಗುತ್ತಿಲ್ಲ.

ಐದನೇ ತರಗತಿಯಲ್ಲಿ ಅದೇ ಕಥೆಯನ್ನು ಓದಬಲ್ಲ ಸರ್ಕಾರಿ ಶಾಲಾ ಮಕ್ಕಳು 2018ರಲ್ಲಿ ಶೇ 44.2, 2022ರಲ್ಲಿ ಶೇ 38.5, 2024ರಲ್ಲಿ ಶೇ 44.8. ಎಂಟನೇ ತರಗತಿಗೆ ಬರುವಾಗ ಅದು ಶೇ 67.5 ಆಗುತ್ತದೆ. ಇವು ಅಖಿಲ ಭಾರತದ ಸಂಖ್ಯೆಗಳು. ಒಂದು ತಾಲ್ಲೂಕಿಗೆ ಇವನ್ನೇ ಹೊಂದಿಸಿ ತೀರ್ಪು ಕೊಡಲಾಗದು. ಆದರೆ ಗ್ರಾಮೀಣ ಗ್ರಂಥಾಲಯವೊಂದಕ್ಕೆ ಮಕ್ಕಳ ಪುಸ್ತಕ ಆರಿಸುವವರಿಗೆ ಇವು ಸಾಕಷ್ಟು ದಾರಿ ತೋರಿಸುತ್ತವೆ. ಐದನೇ ತರಗತಿ ಮುಗಿಸಿದ ನೂರು ಮಕ್ಕಳಲ್ಲಿ 55 ಮಂದಿಗೆ ಐದನೇ ತರಗತಿ ಮಟ್ಟದ ಪುಸ್ತಕ ಕೊಟ್ಟರೆ ಅವರು ಅದನ್ನು ಎರಡನೇ ಪುಟದಲ್ಲಿ ಮಡಚಿಡುತ್ತಾರೆ.

ರಜೆಯಲ್ಲಿ ಓದು ಎಷ್ಟು ಹಿಂದೆ ಸರಿಯುತ್ತದೆ? ಕರ್ನಾಟಕದ ಮಕ್ಕಳೂ ಒಳಗೊಂಡ ದೊಡ್ಡ ಅಧ್ಯಯನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ್ದು. 2021ರ ಜನವರಿಯಲ್ಲಿ ಐದು ರಾಜ್ಯಗಳ 44 ಜಿಲ್ಲೆಗಳಲ್ಲಿ, 1,137 ಸರ್ಕಾರಿ ಶಾಲೆಗಳ 2ರಿಂದ 6ನೇ ತರಗತಿಯ 16,067 ಮಕ್ಕಳನ್ನು ಅದು ಪರೀಕ್ಷಿಸಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ಕಳೆದುಕೊಂಡವರು ಶೇ 92. ಗಣಿತದಲ್ಲಿ ಶೇ 82. ಅದು ತಿಂಗಳುಗಟ್ಟಲೆ ಶಾಲೆ ಮುಚ್ಚಿದ್ದ ಕಾಲ, 48 ದಿನಗಳ ರಜೆಯಲ್ಲ. ಆದರೆ ಕಲಿತ ಓದು ಬಳಸದಿದ್ದರೆ ಉಳಿಯುವುದಿಲ್ಲ ಎಂಬುದಕ್ಕೆ ನಮ್ಮದೇ ಮಕ್ಕಳಿಂದ ಬಂದ ಪುರಾವೆ ಇದು. ಭಾಷೆಯ ನಷ್ಟ ಗಣಿತದ ನಷ್ಟಕ್ಕಿಂತ 10 ಅಂಶ ಹೆಚ್ಚು ಎಂಬುದನ್ನೂ ಗಮನಿಸಬೇಕು. ಮಾತೃಭಾಷೆಯ ಓದು ಹೇಗೂ ಬರುತ್ತದೆ ಎಂದು ನಾವು ಬಿಟ್ಟುಬಿಡುವುದೇ ಹೆಚ್ಚು.

ಸಾಮಾನ್ಯ ಬೇಸಿಗೆ ರಜೆಯ ನಷ್ಟವನ್ನು ಅಳೆದಿರುವುದು ಹೆಚ್ಚಾಗಿ ಅಮೆರಿಕದಲ್ಲಿ. ಅಲ್ಲಿ 39 ಅಧ್ಯಯನಗಳನ್ನು ಒಟ್ಟುಗೂಡಿಸಿದ 1996ರ ವಿಶ್ಲೇಷಣೆಯೊಂದು, ರಜೆಯ ನಂತರ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ ಎಂದು ಹೇಳಿತು. ಅಲ್ಲಿನ ರಜೆ ನಮ್ಮದಕ್ಕಿಂತ ಉದ್ದ. ನಮಗೆ ಮುಖ್ಯವಾದದ್ದು ಅದೇ ವಿಶ್ಲೇಷಣೆಯ ಇನ್ನೊಂದು ಅಂಶ: ಓದಿನಲ್ಲಿ ಮಧ್ಯಮ ವರ್ಗದ ಮಕ್ಕಳು ರಜೆಯಲ್ಲಿ ಹಿಂದೆ ಬೀಳಲಿಲ್ಲ, ಬಡ ಮನೆಗಳ ಮಕ್ಕಳು ಬಿದ್ದರು. ರಜೆ ಎರಡೂ ಮನೆಗಳಿಗೆ ಒಂದೇ. ಮನೆಯಲ್ಲಿ ಪುಸ್ತಕ ಇರುವುದು ಮಾತ್ರ ಒಂದೇ ಅಲ್ಲ.

ಈ ವ್ಯತ್ಯಾಸವನ್ನು ಪುಸ್ತಕ ಕೊಟ್ಟೇ ಸರಿಪಡಿಸಲು ಸಾಧ್ಯವೇ ಎಂಬುದನ್ನು ಫ್ಲಾರಿಡಾದ 17 ಶಾಲೆಗಳಲ್ಲಿ ಪರೀಕ್ಷಿಸಲಾಯಿತು. ಫಲಿತಾಂಶ ಪ್ರಕಟವಾದದ್ದು 2010ರಲ್ಲಿ. ಬಡ ಕುಟುಂಬಗಳ 852 ಮಕ್ಕಳಿಗೆ ಸತತ ಮೂರು ಬೇಸಿಗೆಗಳಲ್ಲಿ ತಲಾ 12 ಪುಸ್ತಕ ಕೊಟ್ಟರು. ಯಾವ ಪುಸ್ತಕ ಎಂಬುದನ್ನು ಮಕ್ಕಳೇ ಆರಿಸಿಕೊಂಡರು. ಪುಸ್ತಕ ಸಿಗದ 478 ಮಕ್ಕಳೊಂದಿಗೆ ಹೋಲಿಸಿದಾಗ ಓದಿನಲ್ಲಿ ಕಂಡ ಪರಿಣಾಮ 0.14, ಅತಿ ಬಡ ಮಕ್ಕಳಲ್ಲಿ 0.21. ಪರಿಣಾಮದ ಗಾತ್ರ ಎನ್ನುವ ಈ ಅಳತೆ ಎರಡು ಗುಂಪುಗಳ ಸರಾಸರಿಗಳ ನಡುವಿನ ಅಂತರವನ್ನು ತೋರಿಸುತ್ತದೆ. ಸಂಖ್ಯೆ ಚಿಕ್ಕದಾದರೂ ಮಕ್ಕಳನ್ನು ಬೇಸಿಗೆ ತರಗತಿಗೆ ಕರೆತಂದು ಪಾಠ ಮಾಡಿದಾಗ ಸಿಗುವ ಫಲಕ್ಕೆ ಇದು ಸರಿಸುಮಾರು ಸಮ ಎಂದು ಸಂಶೋಧಕರು ಅಂದಾಜಿಸಿದರು. ಇಲ್ಲಿ ಶಿಕ್ಷಕರಿಲ್ಲ, ಪರೀಕ್ಷೆಯಿಲ್ಲ, ಪುಸ್ತಕ ಮತ್ತು ಆಯ್ಕೆ ಮಾತ್ರ ಇತ್ತು. ಪರಿಣಾಮ ಹೆಚ್ಚು ಕಂಡದ್ದು ಅತಿ ಕಡಿಮೆ ಇದ್ದವರಲ್ಲಿ.

ಈಗ ಸಮಯದ ಲೆಕ್ಕ. ದಿನಕ್ಕೆ 20 ನಿಮಿಷ ಎಂದುಕೊಂಡರೆ 48 ದಿನಕ್ಕೆ 960 ನಿಮಿಷ, ಅಂದರೆ 16 ಗಂಟೆ. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 800 ಗಂಟೆ ಬೋಧನೆ ಇರಬೇಕು ಎನ್ನುತ್ತದೆ. 16 ಗಂಟೆ ಅದರ ಶೇ 2. ಮಗು ಎಚ್ಚರವಾಗಿರುವ 14 ಗಂಟೆಗಳಲ್ಲಿ 20 ನಿಮಿಷ ಶೇ 2.4. ರಜೆಯಲ್ಲೂ ಮಕ್ಕಳನ್ನು ಓದಿಗೆ ಕೂರಿಸಬೇಕೇ ಎಂದು ಕೇಳುವ ತಂದೆ–ತಾಯಿಯರಿಗೆ ಈ ಶೇ 2.4 ಉತ್ತರವಾಗಬಹುದು. ಆಟಕ್ಕೆ, ಅಜ್ಜಿ ಮನೆಗೆ, ಜಾತ್ರೆಗೆ, ತೋಟಕ್ಕೆ ಉಳಿಯುವುದು ಶೇ 97.6.

ಈ 20 ನಿಮಿಷಗಳಲ್ಲಿ ಎಷ್ಟು ಓದಾಗುತ್ತದೆ ಎಂಬುದು ವೇಗವನ್ನು ಅವಲಂಬಿಸಿದೆ. 2021ರ ಜುಲೈ 5ರಂದು ಆರಂಭವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆ ಮೂರನೇ ತರಗತಿಯ ಕೊನೆಗೆ ಮಗು ಅರ್ಥ ಮಾಡಿಕೊಂಡು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಎಂಬ ಗುರಿ ಇಟ್ಟಿದೆ. ಕನ್ನಡದಲ್ಲಿ ವಿಭಕ್ತಿ, ಸಂಧಿಗಳಿಂದ ಒಂದೊಂದು ಪದವೂ ಉದ್ದವಾಗುವುದರಿಂದ ಈ ಗುರಿ ನಮ್ಮ ಮಕ್ಕಳಿಗೆ ಸುಲಭದ್ದಲ್ಲ; ತಡವರಿಸುವ ಮಗುವಿಗೆ ಅದರ ಅರ್ಧ, ನಿಮಿಷಕ್ಕೆ 30 ಪದ ಎಂದು ಹಿಡಿಯೋಣ. ಆಗ ದಿನಕ್ಕೆ 600 ಪದ, ರಜೆಗೆ 28,800 ಪದ. 60 ಪದದ ವೇಗದವರಿಗೆ 57,600.

ಪದಗಳನ್ನು ಪುಸ್ತಕಗಳಿಗೆ ಬದಲಿಸಲು ಬೆಂಗಳೂರಿನ ಪ್ರಥಮ್ ಬುಕ್ಸ್ ಬಳಸುವ ಹಂತಗಳು ನೆರವಾಗುತ್ತವೆ. ಅದರಲ್ಲಿ ಒಂದನೇ ಹಂತದ ಪುಸ್ತಕಗಳಲ್ಲಿ 250 ಪದಗಳವರೆಗೆ ಇರುತ್ತವೆ, ಎರಡನೆಯದರಲ್ಲಿ 250ರಿಂದ 600, ಮೂರನೆಯದರಲ್ಲಿ 600ರಿಂದ 1,500, ನಾಲ್ಕನೆಯದರಲ್ಲಿ ಅದಕ್ಕಿಂತ ಹೆಚ್ಚು. ಎರಡನೇ ಹಂತದ 400 ಪದಗಳ ಪುಸ್ತಕವೊಂದನ್ನು ನಿಮಿಷಕ್ಕೆ 30 ಪದ ಓದುವ ಮಗು 13 ನಿಮಿಷದಲ್ಲಿ ಮುಗಿಸುತ್ತದೆ. ಇಲ್ಲೇ ನಮ್ಮ ಸಾಮಾನ್ಯ ಅಂದಾಜು ತಪ್ಪುವುದು. ಬೇಸಿಗೆಗೆ ಮಗುವಿಗೆ ಎರಡು ಮೂರು ಪುಸ್ತಕ ತಂದುಕೊಟ್ಟರೆ ಸಾಕು ಎಂದುಕೊಳ್ಳುತ್ತೇವೆ. ಅವು ಎರಡು ದಿನಕ್ಕೆ ಮುಗಿಯುತ್ತವೆ. ಆಮೇಲೆ ಉಳಿದ 46 ದಿನ ಮಗು ಓದುತ್ತಿಲ್ಲ ಎಂದು ದೂರುತ್ತೇವೆ.

ಚಿಕ್ಕ ಮಕ್ಕಳು ಇಷ್ಟವಾದ ಕಥೆಯನ್ನು ಮತ್ತೆ ಮತ್ತೆ ಓದುತ್ತಾರೆ, ಓದಿನ ಸರಾಗತೆ ಬರುವುದೂ ಹಾಗೆಯೇ. 400 ಪದಗಳ ಪುಸ್ತಕವನ್ನು ಮೂರು ಸಲ ಓದಿದರೆ 1,200 ಪದ, 40 ನಿಮಿಷ, ಎರಡು ದಿನ. ಅಂದರೆ ಎರಡು ದಿನಕ್ಕೊಂದು ಪುಸ್ತಕ, 48 ದಿನಕ್ಕೆ 24. ವೇಗವಾಗಿ ಓದುವ ಮಗುವಿಗೆ ಅದೇ 40 ನಿಮಿಷದಲ್ಲಿ 2,400 ಪದ. ಮೂರನೇ ಹಂತದ ಒಂದು ಪುಸ್ತಕವನ್ನು ಎರಡು ಸಲ ಓದಲು ಸಾಕು. ಎರಡೂ ಬಗೆಯ ಮಕ್ಕಳಿಗೆ ಬೇಕಾಗುವ ಪುಸ್ತಕಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ: 24.

24 ಪುಸ್ತಕ ಕೊಳ್ಳುವುದು ಎಷ್ಟು ಮನೆಗಳಿಗೆ ಸಾಧ್ಯ? ಚಿತ್ರವಿರುವ ಮಕ್ಕಳ ಪುಸ್ತಕವೊಂದರ ಬೆಲೆಯನ್ನು ಲೆಕ್ಕಕ್ಕಾಗಿ ₹60 ಎಂದು ಇಟ್ಟುಕೊಂಡಿದ್ದೇನೆ. ಈ ಸೀಮೆಯಲ್ಲಿ ಬೆಲೆಯನ್ನು ಅಳೆಯುವ ನಿಜವಾದ ಮಾನ ಉಂಡೆ ಕೊಬ್ಬರಿ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಕ್ವಿಂಟಲ್‌ಗೆ ₹8,000ದ ಆಸುಪಾಸಿಗೆ ಕುಸಿದಾಗ ಕಿಲೋಗೆ ₹80. ಒಂದು ಪುಸ್ತಕಕ್ಕೆ 750 ಗ್ರಾಂ ಕೊಬ್ಬರಿ ಕೊಡಬೇಕಿತ್ತು. 2025ರ ಮಧ್ಯದಲ್ಲಿ ಧಾರಣೆ ₹25,000 ದಾಟಿದಾಗ ಅದೇ ಪುಸ್ತಕಕ್ಕೆ 240 ಗ್ರಾಂ ಸಾಕಾಯಿತು. ಎರಡು ವರ್ಷಗಳಲ್ಲಿ ಕೊಬ್ಬರಿ ಲೆಕ್ಕದಲ್ಲಿ ಪುಸ್ತಕ ಶೇ 68ರಷ್ಟು ಅಗ್ಗವಾಯಿತು.

ಧಾರಣೆ ಏರಿಳಿಯುತ್ತದೆ, ಭದ್ರವಾದ ಲೆಕ್ಕಕ್ಕೆ ಬೆಂಬಲ ಬೆಲೆಯೇ ಸರಿ. ಉಂಡೆ ಕೊಬ್ಬರಿಗೆ ಕೇಂದ್ರ ನಿಗದಿ ಮಾಡಿದ ಕನಿಷ್ಠ ಬೆಂಬಲ ಬೆಲೆ 2023ರಲ್ಲಿ ಕ್ವಿಂಟಲ್‌ಗೆ ₹11,750, 2024ರಲ್ಲಿ ₹12,000, 2025ರಲ್ಲಿ ₹12,100, 2026ಕ್ಕೆ ₹12,500. ಅಂದರೆ ಕಿಲೋಗೆ ₹125. ಪುಸ್ತಕವೊಂದಕ್ಕೆ 480 ಗ್ರಾಂ. 24 ಪುಸ್ತಕಕ್ಕೆ ₹1,440, ಅಂದರೆ ಹನ್ನೊಂದೂವರೆ ಕಿಲೋ ಕೊಬ್ಬರಿ. ತೋಟವಿರುವ ಮನೆಗೆ ಇದು ದೊಡ್ಡ ಮೊತ್ತವಲ್ಲ. ಆದರೆ ಕಾಯಿ ಸುಲಿಯುವವರ, ಕೊಬ್ಬರಿ ಒಡೆಯುವ ಹೆಣ್ಣುಮಕ್ಕಳ, ನಾರಿನ ಕಾರ್ಖಾನೆಗೆ ಕೂಲಿಗೆ ಹೋಗುವವರ ಮನೆಯಲ್ಲಿ ಅಟ್ಟದ ಮೇಲೆ ಕೊಬ್ಬರಿ ಇರುವುದಿಲ್ಲ. ಧಾರಣೆ ಏರಿದ್ದರಿಂದ ಪುಸ್ತಕ ಅಗ್ಗವಾದದ್ದು ಅವರಿಗಲ್ಲ.

ಪುಸ್ತಕದ ಬೆಲೆಯಲ್ಲೂ ಸಣ್ಣ ಬದಲಾವಣೆ ಇದೆ. ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಆದರೆ 2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ತೆರಿಗೆ ಶೇ 12ರಿಂದ 18ಕ್ಕೆ ಏರಿದೆ. ಪುಸ್ತಕಕ್ಕೆ ತೆರಿಗೆ ಇಲ್ಲದ ಕಾರಣ ಪ್ರಕಾಶಕರು ಕಾಗದಕ್ಕೆ ಕಟ್ಟಿದ ತೆರಿಗೆಯನ್ನು ಹಿಂಪಡೆಯಲಾರರು. ₹60ರ ಪುಸ್ತಕದಲ್ಲಿ ಕಾಗದದ ಪಾಲು ₹15 ಇದ್ದರೆ ಹೆಚ್ಚುವರಿ ಹೊರೆ 90 ಪೈಸೆ, ಬೆಲೆಯ ಶೇ 1.5. ಇದರಿಂದ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಲೆಕ್ಕ ಬದಲಾಗುವುದು ಪುಸ್ತಕ ಕೈಯಿಂದ ಕೈಗೆ ಹೋದಾಗ. ಒಂದು ಗ್ರಾಮ ಪಂಚಾಯಿತಿಯಲ್ಲಿ ಓದಲು ಬರುವ 100 ಮಕ್ಕಳಿದ್ದಾರೆ ಎಂದುಕೊಳ್ಳೋಣ. ಪ್ರತಿ ಮಗುವಿಗೂ 24 ಪುಸ್ತಕ ಕೊಂಡುಕೊಟ್ಟರೆ 2,400 ಪ್ರತಿ, ₹1,44,000. ಅದರ ಬದಲು ಗ್ರಂಥಾಲಯದಲ್ಲಿ 150 ಪುಸ್ತಕ ಇಟ್ಟು, ಒಂದು ಮಗುವಿಗೆ ಒಂದು ಸಲಕ್ಕೆ ಒಂದರಂತೆ ಎರವಲು ಕೊಟ್ಟರೆ 100 ಪುಸ್ತಕ ಮಕ್ಕಳ ಕೈಯಲ್ಲಿರುತ್ತವೆ, 50 ಆಯ್ಕೆಗಾಗಿ ಕಪಾಟಿನಲ್ಲಿ ಉಳಿಯುತ್ತವೆ. ಖರ್ಚು ₹9,000, ಮಗುವಿಗೆ ₹90. ಮೊದಲ ವಿಧಾನದ ಹದಿನಾರನೇ ಒಂದು ಭಾಗ. ಕೊಬ್ಬರಿ ಲೆಕ್ಕದಲ್ಲಿ ನೂರು ಮಕ್ಕಳಿಗೂ ಸೇರಿ 72 ಕಿಲೋ, ಒಂದು ಕ್ವಿಂಟಲ್‌ಗಿಂತ ಕಡಿಮೆ.

ಇಲ್ಲಿ ನಿರ್ಣಾಯಕವಾಗುವುದು ಪುಸ್ತಕ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ ಎಂಬುದು. ಎರಡು ದಿನಕ್ಕೊಮ್ಮೆ ಬದಲಾದರೆ ಮಗುವಿಗೆ 24 ಪುಸ್ತಕ. ನಾಲ್ಕು ದಿನಕ್ಕಾದರೆ 12. ವಾರಕ್ಕೊಮ್ಮೆಯಾದರೆ 6 ಅಥವಾ 7. ಹದಿನೈದು ದಿನಕ್ಕೊಮ್ಮೆ ಎಂಬ ದೊಡ್ಡವರ ನಿಯಮವನ್ನೇ ಮಕ್ಕಳಿಗೂ ಅನ್ವಯಿಸಿದರೆ 3. ಇದೇ 150 ಪುಸ್ತಕ, ಇದೇ ₹9,000. ನಿಯಮವೊಂದನ್ನು ಬದಲಿಸಿದ ಮಾತ್ರಕ್ಕೆ ಓದು ಎಂಟು ಪಟ್ಟು ಹೆಚ್ಚುತ್ತದೆ. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಹರಾಜು ವಾರಕ್ಕೆ ಎರಡು ದಿನ ನಡೆಯುತ್ತದೆ. ಪುಸ್ತಕ ಬದಲಾವಣೆಯೂ ವಾರಕ್ಕೆ ಎರಡು ದಿನ ನಡೆದರೆ ಸಾಕು, ಮಗುವಿನ ಪಾಲಿಗೆ 13 ಪುಸ್ತಕ ಬರುತ್ತದೆ. ಫ್ಲಾರಿಡಾದ ಮಕ್ಕಳಿಗೆ ಸಿಕ್ಕ 12ಕ್ಕಿಂತ ಅದು ಒಂದು ಹೆಚ್ಚು.

ಈ ಕೆಲಸಕ್ಕೆ ಹೊಸ ಸಂಸ್ಥೆ ಕಟ್ಟಬೇಕಿಲ್ಲ. ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಮರುವರ್ಷ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದು, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಯಿತು; 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಈಗ ಇವುಗಳ ಹೆಸರು ‘ಅರಿವು ಕೇಂದ್ರ’. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಹುಟ್ಟಿದ ಈ ಕಾರ್ಯಕ್ರಮಕ್ಕೆ ಬೇಸಿಗೆ ರಜೆಗಿಂತ ಸಹಜವಾದ ಬೇರೆ ಋತು ಇಲ್ಲ. ಸದಸ್ಯತ್ವದ ಶುಲ್ಕ ಸೊನ್ನೆ. ಹೊನ್ನವಳ್ಳಿ, ನೊಣವಿನಕೆರೆ, ಮಾಯಸಂದ್ರ, ದಂಡಿನಶಿವರ, ಹುಳಿಯಾರು, ಹಂದನಕೆರೆಯಂಥ ಹೋಬಳಿಗಳ ಮಕ್ಕಳಿಗೆ ತಾಲ್ಲೂಕು ಕೇಂದ್ರಕ್ಕೆ ಹೋಗದೆ ಪುಸ್ತಕ ಸಿಗಬಹುದಾದ ಸಾರ್ವಜನಿಕ ಜಾಗ ಇದೇ. ರಜೆಯಲ್ಲಿ ಅಜ್ಜಿ ಮನೆಗೆ ಹೋದ ಮಗುವಿಗೂ ಆ ಊರಿನ ಪಂಚಾಯಿತಿಯಲ್ಲಿ ಎರವಲು ಸಿಗುವಂತಾಗಬೇಕು. ಆಧಾರ್ ಯಾವ ಊರಿನದು ಎಂದು ಕೇಳುವ ಅಗತ್ಯ 480 ಗ್ರಾಂ ಕೊಬ್ಬರಿ ಬೆಲೆಯ ವಸ್ತುವಿಗೆ ಇಲ್ಲ.

ತಾಲ್ಲೂಕು ಕೇಂದ್ರದ ದೊಡ್ಡ ಗ್ರಂಥಾಲಯಕ್ಕೆ ಹೋಗಿಬರುವ ಖರ್ಚು ಈಗ ಹುಡುಗಿಗೂ ಹುಡುಗನಿಗೂ ಒಂದೇ ಅಲ್ಲ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಟಿಕೆಟ್ ದರ ಸೊನ್ನೆ. ಗಂಡುಮಕ್ಕಳಿಗೆ 2025ರ ಜನವರಿ 5ರಿಂದ ದರ ಶೇ 15 ಏರಿದೆ. ತಾಯಿಯೋ ಅಕ್ಕನೋ ಜೊತೆಗೆ ಹೋಗಿ ಮನೆಯ ಎಲ್ಲರಿಗೂ ಪುಸ್ತಕ ತರಬಹುದು.

₹9,000 ಎಲ್ಲಿಂದ ಬರುತ್ತದೆ? ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ಆಸ್ತಿ ತೆರಿಗೆಯ ಜೊತೆಗೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಪಂಚಾಯಿತಿಯ ತೆರಿಗೆ ರಸೀದಿಯಲ್ಲಿ ಆರೋಗ್ಯ ಕರ ಶೇ 15, ಶಿಕ್ಷಣ ಕರ ಶೇ 10, ಭಿಕ್ಷುಕರ ಕರ ಶೇ 3ರ ಪಕ್ಕದಲ್ಲೇ ಅದಕ್ಕೂ ಒಂದು ಸಾಲು ಇರುತ್ತದೆ. ಮನೆಗೆ ₹500 ತೆರಿಗೆ ಎಂದುಕೊಂಡರೆ ಗ್ರಂಥಾಲಯಕ್ಕೆ ₹30. 300 ಮನೆಗಳ ಕರ ₹9,000. ಅಂದರೆ 300 ಮನೆಗಳವರು ಒಂದು ವರ್ಷ ಕಟ್ಟುವ ಗ್ರಂಥಾಲಯ ಕರವೇ ನೂರು ಮಕ್ಕಳ ಒಂದು ಬೇಸಿಗೆಗೆ ಸಾಲುತ್ತದೆ. ಈ ಹಣವನ್ನು ಪೋಷಕರು ಈಗಾಗಲೇ ಕಟ್ಟಿದ್ದಾರೆ. ಗ್ರಾಮಸಭೆಯಲ್ಲಿ ಅದರಲ್ಲಿ ಮಕ್ಕಳ ಪುಸ್ತಕಕ್ಕೆ ಎಷ್ಟು ಎಂದು ಕೇಳುವ ಹಕ್ಕು ಅವರಿಗಿದೆ, ಕೇಳಬೇಕು.

ಕೊಳ್ಳುವಾಗ ಹಂಚಿಕೆ ಮುಖ್ಯ. ಪಂಚಾಯಿತಿ ಗ್ರಂಥಾಲಯದ ಕಪಾಟುಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೂ ಕಾದಂಬರಿಗಳಿಗೂ ಬೇಡಿಕೆ ಇರುತ್ತದೆ, ಅದು ನ್ಯಾಯವೇ. ಆದರೆ ಮಕ್ಕಳ 150 ಪುಸ್ತಕಗಳನ್ನು ಅಸರ್ ಅಂಕಿಗಳ ಆಧಾರದಲ್ಲಿ ಆರಿಸುವುದಾದರೆ ಕನಿಷ್ಠ ಅರ್ಧ, 75 ಪುಸ್ತಕ, ಒಂದು ಮತ್ತು ಎರಡನೇ ಹಂತದವಾಗಿರಬೇಕು. ಮಹಾಪುರುಷರ ಜೀವನ ಚರಿತ್ರೆಗಳನ್ನೇ ತುಂಬುವ ರೂಢಿ ನಮ್ಮಲ್ಲಿದೆ. ನಾಲ್ಕನೇ ಹಂತದ ಓದು ಬಂದ ಮಗುವಿಗೆ ಅವು ಸರಿ. ಉಳಿದ ಮಕ್ಕಳಿಗೆ ಮೊದಲು ನಗಿಸುವ, ಮುಂದೇನಾಯಿತು ಎಂದು ಪುಟ ತಿರುವಿಸುವ ಕಥೆ ಬೇಕು.

ಅಂಥ ಕಥೆ ಹೊರಗಿನಿಂದಲೇ ಬರಬೇಕೆಂದೇನಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಆರಂಭಿಸಿತು. ₹50,000 ನಗದಿನ ಈ ಪುರಸ್ಕಾರ ಕನ್ನಡಕ್ಕೆ 2024ರಲ್ಲಿ ಬಂದದ್ದು ‘ಛೂಮಂತ್ರಯ್ಯನ ಕಥೆಗಳು’ ಕೃತಿಗೆ. ಲೇಖಕ ಕೃಷ್ಣಮೂರ್ತಿ ಬಿಳಿಗೆರೆ, ತಿಪಟೂರು ತಾಲ್ಲೂಕಿನ ಬಿಳಿಗೆರೆಯವರು. ಮೂರೂ ತಾಲ್ಲೂಕುಗಳ ಪ್ರತಿ ಪಂಚಾಯಿತಿ ಗ್ರಂಥಾಲಯದಲ್ಲಿ ಈ ಪುಸ್ತಕದ ಎರಡು ಪ್ರತಿ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ತಮ್ಮ ಸೀಮೆಯ ಮಾತಿನಲ್ಲಿ ಯೋಚಿಸುವ ಲೇಖಕನ ಪುಸ್ತಕದಲ್ಲಿ ಮಕ್ಕಳು ಅಪರಿಚಿತ ಪದಕ್ಕೆ ಎಡವುವುದು ಕಡಿಮೆ.

ಹಾಗಾದರೆ ಪುಸ್ತಕಗಳು ಮಕ್ಕಳ ಕೈಗೆ ಏಕೆ ಹೋಗುವುದಿಲ್ಲ? ದೊಡ್ಡ ಕಾರಣ ಕಳೆದುಹೋಗುವ ಭಯ. ದಾಸ್ತಾನು ವಹಿಯಲ್ಲಿ ಬರೆದ ಪುಸ್ತಕಕ್ಕೆ ಮುಖ್ಯ ಶಿಕ್ಷಕರೋ ಗ್ರಂಥಪಾಲಕರೋ ಲೆಕ್ಕ ಕೊಡಬೇಕು. ಬೀಗ ಹಾಕಿದ ಕಪಾಟಿನಲ್ಲಿ ಲೆಕ್ಕ ಸರಿಯಾಗಿರುತ್ತದೆ. ಈ ಭಯಕ್ಕೂ ಒಂದು ಬೆಲೆ ಹಾಕಬಹುದು. 150ರಲ್ಲಿ ಶೇ 10, ಅಂದರೆ 15 ಪುಸ್ತಕ ಒಂದು ಬೇಸಿಗೆಯಲ್ಲಿ ಹರಿದವು, ಕಳೆದವು, ಮಳೆಗೆ ನೆನೆದವು ಎಂದುಕೊಳ್ಳೋಣ. ನಷ್ಟ ₹900, ಮಗುವಿಗೆ ₹9. ವಾರಕ್ಕೆರಡು ಸಲ ಬದಲಾವಣೆ ನಡೆದರೆ ಪ್ರತಿ ಮಗುವಿಗೆ 13ರಂತೆ 1,300 ಎರವಲು ಆಗುತ್ತವೆ. ಎರವಲೊಂದಕ್ಕೆ ನಷ್ಟ 70 ಪೈಸೆಗೂ ಕಡಿಮೆ. ಈ ಶೇ 10ನ್ನು ಮೊದಲೇ ಸವಕಳಿ ಎಂದು ಒಪ್ಪಿ, ಯಾರಿಂದಲೂ ವಸೂಲು ಮಾಡುವುದಿಲ್ಲ ಎಂದು ಪಂಚಾಯಿತಿ ನಿರ್ಣಯಿಸಿದರೆ ಬೀಗ ತೆಗೆಯಲು ಯಾರೂ ಹೆದರಬೇಕಿಲ್ಲ. ಹರಿದುಹೋಗುವಷ್ಟು ಓದಿಸಿಕೊಂಡ ಪುಸ್ತಕ ತನ್ನ ₹60ರ ಕೆಲಸ ಮಾಡಿದೆ.

ಮನೆಯಲ್ಲಿ ಓದಿಸುವವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. 2011ರ ಜನಗಣತಿಯ ಪ್ರಕಾರ ತುಮಕೂರು ಜಿಲ್ಲೆಯ ಸಾಕ್ಷರತೆ ಶೇ 75.14; ಪುರುಷರಲ್ಲಿ ಶೇ 82.81, ಮಹಿಳೆಯರಲ್ಲಿ ಶೇ 67.38. ಈ ಹದಿನೈದೂವರೆ ಅಂಶಗಳ ಅಂತರ ಈಗ ತಗ್ಗಿರಬೇಕು, ಅಂದಿನ ಬಾಲಕಿಯರೇ ಇಂದಿನ ತಾಯಂದಿರು. ಆದರೂ ‘ದಿನವೂ ಮಗುವಿಗೆ ಓದಿ ಹೇಳಿ’ ಎಂಬ ಸಲಹೆ ಪ್ರತಿ ಮನೆಗೂ ಹೊಂದುವುದಿಲ್ಲ. ಅಜ್ಜಿಯ ಜೊತೆ ರಜೆ ಕಳೆಯುವ ಮಕ್ಕಳಿಗಂತೂ ಇನ್ನೂ ಕಡಿಮೆ. ಅಂಥ ಮನೆಗಳಲ್ಲಿ ಓದಬಲ್ಲ ಹಿರಿಯರು ಹಲವೆಡೆ ಎಂಟನೇ ತರಗತಿಯ ಅಣ್ಣನೋ ಅಕ್ಕನೋ. ಎಂಟನೇ ತರಗತಿಯ ಶೇ 67.5 ಮಕ್ಕಳಿಗೆ ಎರಡನೇ ತರಗತಿಯ ಕಥೆ ಸರಾಗ. ತಂಗಿಗೆ ಓದಿ ಹೇಳುವ ನೆಪದಲ್ಲಿ ಉಳಿದ ಶೇ 32.5ರವರೂ ಸಂಕೋಚವಿಲ್ಲದೆ ಚಿಕ್ಕ ಮಕ್ಕಳ ಪುಸ್ತಕ ಹಿಡಿಯಬಹುದು. ಅಕ್ಷರ ಬಾರದ ಅಜ್ಜಿ ಮಾಡಬಹುದಾದ ಕೆಲಸವೂ ಇದೆ: ಕೂತು ಕೇಳುವುದು. ಕೇಳುವವರಿದ್ದರೆ ಮಗು ಮೂರನೇ ಸಲವೂ ಓದುತ್ತದೆ. ಓದಿದ ಮೇಲೆ ಪ್ರಶ್ನೆ ಕೇಳಿ ಪರೀಕ್ಷಿಸುವುದು, ಸಾರಾಂಶ ಬರೆಸುವುದು ಬೇಡ. ಪುಸ್ತಕದ ಹೆಸರನ್ನು ಮಗು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಸಾಕು.

ಮನೆಯಲ್ಲಿ ಪುಸ್ತಕ ಇಲ್ಲದಿರಬಹುದು, ಸ್ಮಾರ್ಟ್‌ಫೋನ್ ಇದೆ. ಅಸರ್ 2024ರ ಪ್ರಕಾರ 14ರಿಂದ 16 ವರ್ಷದ ಗ್ರಾಮೀಣ ಮಕ್ಕಳಲ್ಲಿ ಹೆಚ್ಚುಕಡಿಮೆ ಶೇ 90 ಮಂದಿಯ ಮನೆಯಲ್ಲಿ ಅದು ಇದೆ, ಶೇ 82.2 ಮಂದಿಗೆ ಬಳಸಲು ಬರುತ್ತದೆ. ಬಳಸಲು ಬಲ್ಲವರಲ್ಲಿ ಹಿಂದಿನ ವಾರ ಕಲಿಕೆಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ 76. ಫೋನಿಗೆ ಮನೆ ಮಾಡುವ ಖರ್ಚನ್ನು ಪುಸ್ತಕದ ಖರ್ಚಿನೊಂದಿಗೆ ಇಟ್ಟು ನೋಡಬಹುದು. ದಿನಕ್ಕೆ 1.5 ಜಿಬಿ ಕೊಡುವ ಜಿಯೊದ 28 ದಿನಗಳ ಯೋಜನೆ 2024ರ ಜುಲೈನಲ್ಲಿ ₹239ರಿಂದ ₹299ಕ್ಕೆ, ಶೇ 25ರಷ್ಟು ಏರಿತು. 48 ದಿನಕ್ಕೆ ಅದು ₹513. ಗ್ರಂಥಾಲಯದ ಮೂಲಕ ಒಂದು ಮಗುವಿಗೆ ತಗಲುವ ₹90 ಇದರ ಶೇ 18 ಕೂಡ ಆಗುವುದಿಲ್ಲ. ಫೋನನ್ನೇ ಓದಿಗೆ ಬಳಸುವುದಾದರೆ ಪ್ರಥಮ್ ಬುಕ್ಸ್ 2015ರ ಸೆಪ್ಟೆಂಬರ್ 8ರಂದು ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಕನ್ನಡ ಕಥೆಗಳು ಹಂತವಾರು, ಉಚಿತವಾಗಿ ಸಿಗುತ್ತವೆ, ಇಳಿಸಿಕೊಂಡು ಮುದ್ರಿಸಲೂ ಅವಕಾಶವಿದೆ. ಆದರೂ ಆರಂಭದ ಓದುಗರಿಗೆ ಕಾಗದದ ಪುಸ್ತಕವೇ ಮೇಲು ಎನ್ನುತ್ತೇನೆ. ಫೋನು ಮನೆಯ ದೊಡ್ಡವರದ್ದು, ಕರೆ ಬಂದ ತಕ್ಷಣ ಕಥೆ ನಿಲ್ಲುತ್ತದೆ.

ರಜೆಯಲ್ಲಿ ಶಾಲೆಯ ಬಾಗಿಲು ತೆರೆಯುವುದು ಆಗದ ಮಾತೇನೂ ಅಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷದ ಬೇಸಿಗೆ ರಜೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಏಳು ಭಾನುವಾರ ಬಿಟ್ಟು 41 ದಿನ ಮಧ್ಯಾಹ್ನದ ಬಿಸಿಯೂಟ ನೀಡಲು ಸರ್ಕಾರ ವ್ಯವಸ್ಥೆ ಮಾಡಿತು. ಊಟಕ್ಕೆ ಬಂದ ಮಗುವಿನ ಕೈಗೆ ಅದೇ ಕಟ್ಟಡದ ಕಪಾಟಿನಿಂದ ಒಂದು ಪುಸ್ತಕ ಕೊಡಲು ಹೆಚ್ಚುವರಿ ಖರ್ಚು ಏನೂ ಇಲ್ಲ.

ಆ ಕಪಾಟಿನಲ್ಲಿ ಇರುವುದು ಕಡಿಮೆಯೂ ಅಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯ ಅನುದಾನ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ₹5,000ದವರೆಗೆ, 1ರಿಂದ 8ನೇ ತರಗತಿವರೆಗಿನ ಶಾಲೆಗೆ ₹13,000ದವರೆಗೆ ಸಿಗಬಹುದು. ₹60ರ ಲೆಕ್ಕದಲ್ಲಿ ಒಂದು ವರ್ಷದ ₹5,000 ಎಂದರೆ 83 ಪುಸ್ತಕ. ₹13,000 ಎಂದರೆ 216. ಏಪ್ರಿಲ್ 10ರ ಸಂಜೆ ಇವುಗಳ ಮೇಲೆ ಬೀಗ ಬೀಳುತ್ತದೆ, ಅದು ತೆರೆಯುವುದು ಮೇ 29ಕ್ಕೆ. ಮಕ್ಕಳಿಗೆ ಸಮಯವಿರುವ ದಿನಗಳಲ್ಲಿ ಪುಸ್ತಕಗಳಿಗೆ ರಜೆ.

ಏಪ್ರಿಲ್ ಮೊದಲ ವಾರದಲ್ಲಿ ಶಾಲೆಯು ಈ 83 ಪುಸ್ತಕಗಳನ್ನು ಪಟ್ಟಿ ಮಾಡಿ, ಸಹಿ ಪಡೆದು, 48 ದಿನಗಳ ಮಟ್ಟಿಗೆ ಅದೇ ಊರಿನ ಅರಿವು ಕೇಂದ್ರಕ್ಕೆ ಎರವಲು ಕೊಟ್ಟರೆ ಪಂಚಾಯಿತಿ ಕೊಳ್ಳಬೇಕಾದದ್ದು 67 ಪುಸ್ತಕ ಮಾತ್ರ. ಖರ್ಚು ₹9,000ದಿಂದ ₹4,020ಕ್ಕೆ, ಮಗುವಿಗೆ ₹90ರಿಂದ ₹40ಕ್ಕೆ ಇಳಿಯುತ್ತದೆ. ಪಂಚಾಯಿತಿ ವ್ಯಾಪ್ತಿಯ ಎರಡು ಕಿರಿಯ ಪ್ರಾಥಮಿಕ ಶಾಲೆಗಳು ಹೀಗೆ ಒಪ್ಪಿದರೆ 166 ಪುಸ್ತಕ ಸೇರುತ್ತವೆ, ಹೊಸದಾಗಿ ಕೊಳ್ಳುವ ಅಗತ್ಯವೇ ಬೀಳುವುದಿಲ್ಲ. ಶೇ 10 ಸವಕಳಿ ಕಳೆದರೂ ಮೇ 29ರಂದು 149 ಪುಸ್ತಕ ಶಾಲೆಗಳಿಗೆ ಮರಳುತ್ತವೆ. ಕಳೆದ 17ಕ್ಕೆ ಗ್ರಂಥಾಲಯ ಕರದಿಂದ ₹1,020 ಭರಿಸಿದರೆ ದಾಸ್ತಾನು ವಹಿಯೂ ಸರಿಹೋಗುತ್ತದೆ.